ಕಡಲಾಚೆಯ ಶಿವರಾತ್ರಿ: ಮಾರಿಷಸ್ ದ್ವೀಪದ ಭಾರತೀಯರು



ಒಂದು ಜನಸಮುದಾಯವು ತಾನು ಹುಟ್ಟಿ ಬೆಳೆದ ನೆಲವನ್ನು ತೊರೆದು ಹೊರಟಾಗ ತನ್ನೊಡನೆ ಏನನ್ನು ಕೊಂಡೊಯ್ಯಬಲ್ಲದು? ಗುಡಿಗುಂಡಾರಗಳನ್ನು ಕೊಂಡೊಯ್ಯಲಾಗದು. ಹೊಲಮನೆ, ಹೊಳೆಹಳ್ಳ, ಬಂಧುಬಳಗ ಇವಾವುವೂ ಜೊತೆಯಲ್ಲಿ ಬರುವಂಥವಲ್ಲ. ಇಷ್ಟೆಲ್ಲವನ್ನೂ ಬಿಟ್ಟುಹೋದವರು ಮೂರು ನಾಲ್ಕು ತಲೆಮಾರುಗಳ ತರುವಾಯ ತಮ್ಮತನವನ್ನು ಉಳಿಸಿಕೊಂಡಿದ್ದರೆ, ಅದು ಹೇಗೆ ಸಾಧ್ಯವಾಯಿತೆಂಬುದು ಇತಿಹಾಸದ ವಿದ್ಯಾರ್ಥಿಗೆ ಮಾತ್ರವಲ್ಲದೆ ಧರ್ಮದ ವಿದ್ಯಾರ್ಥಿಗೂ ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದ ಕಡೆಗೆ ನೋಡಬೇಕು. ಕನ್ಯಾಕುಮಾರಿಯಿಂದ ನೈರುತ್ಯಕ್ಕೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪವು ನಮ್ಮ ಕೊಡಗು ಜಿಲ್ಲೆಯ ಅರ್ಧದಷ್ಟು ವಿಸ್ತಾರವನ್ನೂ ಹೊಂದಿಲ್ಲ. ಅಲ್ಲಿನ ಜನಸಂಖ್ಯೆ ಸುಮಾರು ಹನ್ನೆರಡೂವರೆ ಲಕ್ಷ. ಆದರೂ ಪ್ರತಿವರ್ಷ ಮಹಾಶಿವರಾತ್ರಿಯ ಸಮಯದಲ್ಲಿ ಲಕ್ಷಾಂತರ ಜನರು ಬಿಳಿಯುಡುಗೆ ತೊಟ್ಟು, ಹೆಗಲ ಮೇಲೆ ಬಿದಿರಿನ ಕಾಂವರವನ್ನು ಹೊತ್ತು, ದ್ವೀಪದ ಮೂಲೆಮೂಲೆಗಳಿಂದ ಗಂಗಾ ತಲಾವ್ ಎಂಬ ಸರೋವರಕ್ಕೆ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ನಮ್ಮ ಉತ್ತರ ಕರ್ನಾಟಕದ ಭಕ್ತರನ್ನು ಕಂಡವರಿಗೆ ಈ ದೃಶ್ಯವು ಅಪರಿಚಿತವೆನಿಸಲಾರದು. ಆದರೆ ಶ್ರೀಶೈಲದ ದಾರಿಯನ್ನು ಹಿರಿಯರು ನಮಗಾಗಿ ತುಳಿದಿಟ್ಟಿದ್ದರು. ಮಾರಿಷಸ್ಸಿನ ಜನ ದಾರಿಯನ್ನೂ ಕ್ಷೇತ್ರವನ್ನೂ ತಾವೇ ಮಾಡಿಕೊಳ್ಳಬೇಕಾಯಿತು.

ಆ ದ್ವೀಪದಲ್ಲಿ ಮೂಲನಿವಾಸಿಗಳೆಂಬವರು ಇರಲಿಲ್ಲ. 1598ರಲ್ಲಿ ಡಚ್ಚರು ಅಲ್ಲಿ ಇಳಿದರು, 1710ರಲ್ಲಿ ಬಿಟ್ಟುಹೋದರು. ಅನಂತರ ಬಂದ ಫ್ರೆಂಚರು ಆಫ್ರಿಕ ಮತ್ತು ಮಡಗಾಸ್ಕರಗಳಿಂದ ಗುಲಾಮರನ್ನು ತಂದು ಕಬ್ಬಿನ ತೋಟಗಳನ್ನು ಬೆಳೆಸಿದರು. 1810ರಲ್ಲಿ ದ್ವೀಪವು ಇಂಗ್ಲಿಷರ ವಶವಾಯಿತು. 1835ರ ಫೆಬ್ರವರಿ 1ರಂದು ಅಲ್ಲಿ ಗುಲಾಮಗಿರಿಯು ಕಾನೂನಿನ ಮೂಲಕ ರದ್ದಾದಾಗ ಅರುವತ್ತು ಸಾವಿರಕ್ಕೂ ಮಿಕ್ಕ ಗುಲಾಮರಿದ್ದರು. ಅವರ ಒಡೆಯರಿಗೆ ಬ್ರಿಟಿಷ್ ಸರ್ಕಾರವು ಇಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚು ಪರಿಹಾರಧನವನ್ನು ಕೊಟ್ಟಿತು. ಬೆವರು ಸುರಿಸಿದ ಗುಲಾಮರಿಗೆ ಬಿಡಿಗಾಸೂ ಸಿಗಲಿಲ್ಲ. ಬಿಡುಗಡೆ ಹೊಂದಿದವರು ತಾವು ನೊಂದ ತೋಟಗಳಲ್ಲಿ ಮತ್ತೆ ದುಡಿಯಲು ಒಪ್ಪಲಿಲ್ಲ. ಕಬ್ಬಿಗೆ ಕೈಗಳು ಬೇಕಾಗಿದ್ದವು. ತೋಟದ ಒಡೆಯರ ಕಣ್ಣು ಭಾರತದ ಮೇಲೆ ಬಿತ್ತು.

1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲಕತ್ತೆಯಿಂದ 36 ಮಂದಿ ಕೂಲಿಗಳನ್ನು ಹೊತ್ತು ಪೋರ್ಟ್ ಲೂಯಿ ಬಂದರನ್ನು ತಲುಪಿತು. ಇಂಗ್ಲಿಷರು 'ಮಹಾಪ್ರಯೋಗ'ವೆಂದು ಕರೆದ ಕರಾರು ಕೂಲಿಯ ಪದ್ಧತಿಯು ಇಲ್ಲಿಂದ ಬೆಳೆದು, ಮುಂದೆ ಗಯಾನ, ಟ್ರಿನಿಡಾಡ್, ನಟಾಲ್, ಸುರಿನಾಮ್, ಫಿಜಿಗಳಿಗೆ ಹಬ್ಬಿತು. ಮಾರಿಷಸ್ ಒಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಬಂದರೆಂಬುದನ್ನು ನೆನೆದರೆ ಈ ವಲಸೆಯ ಅಗಾಧತೆ ತಿಳಿಯುತ್ತದೆ. ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ ತಾಯ್ನಾಡಿಗೆ ಹಿಂದಿರುಗಿದರು. ಉಳಿದವರು ಅಲ್ಲಿಯೇ ಬೇರೂರಿದರು. 1861ರ ಜನಗಣತಿಯ ವೇಳೆಗೆ ದ್ವೀಪದ ಮೂರು ಲಕ್ಷ ಚಿಲ್ಲರೆ ಜನರಲ್ಲಿ ಭಾರತೀಯರೇ ಸುಮಾರು ಎರಡು ಲಕ್ಷದಷ್ಟಿದ್ದರು.

ಹೋದವರು ಯಾರು? ಬಹುಪಾಲು ಬಿಹಾರ ಮತ್ತು ಅದಕ್ಕೆ ತಾಗಿದ ಪೂರ್ವ ಸೀಮೆಯ ಭೋಜಪುರಿ ಮಾತನಾಡುವ ರೈತಾಪಿ ಜನ. ಮದರಾಸಿನಿಂದ ತಮಿಳರೂ ತೆಲುಗರೂ, ಮುಂಬಯಿಯಿಂದ ಕೊಂಕಣ ಸೀಮೆಯ ಮರಾಠಿಗರೂ ಹೋದರು. ಬರಗಾಲ, ಸಾಲ, ಜಮೀನ್ದಾರರ ಕಾಟ ಇವು ಅವರನ್ನು ಮನೆಯಿಂದ ಹೊರದೂಡಿದ ಕಾರಣಗಳು. ಉತ್ತರದಲ್ಲಿ 'ಅರಕಾಟಿ'ಗಳೆಂದು ಕರೆಯಲ್ಪಡುತ್ತಿದ್ದ ದಲ್ಲಾಳಿಗಳು ಹೇಳಿದ ಸಿಹಿಮಾತುಗಳನ್ನು ನಂಬಿ ಹೆಬ್ಬೆಟ್ಟು ಒತ್ತಿದವರೂ ಅನೇಕರು. ಸಮುದ್ರ ದಾಟುವುದು ಜಾತಿಭ್ರಷ್ಟತೆಯೆಂದು ನಂಬಿದ್ದ ಕಾಲವದು. 'ಕಾಲಾಪಾನಿ'ಯ ಭಯವನ್ನು ಹಸಿವು ಗೆದ್ದಿತು.

ಹಡಗನ್ನೇರಿದ ಮೇಲೆ ಬೇರೆ ಬೇರೆ ಜಾತಿಯವರು ಒಂದೇ ಹಲಗೆಯ ಮೇಲೆ ಮಲಗಿದರು, ಒಂದೇ ಒಲೆಯ ಅನ್ನವನ್ನುಂಡರು. ವಾರಗಟ್ಟಲೆಯ ಈ ಪಯಣದಲ್ಲಿ ಹುಟ್ಟಿಕೊಂಡ ಹೊಸ ನಂಟಿಗೆ 'ಜಹಾಜಿ ಭಾಯಿ', ಅಂದರೆ ಹಡಗಿನ ಸೋದರ, ಎಂಬ ಹೆಸರಾಯಿತು. ರಕ್ತಸಂಬಂಧವಿಲ್ಲದೆಡೆ ಈ ಸಂಬಂಧವೇ ಮದುವೆಗೆ ಹಿರಿಯನಾಗಿ, ಮರಣಕ್ಕೆ ಹೆಗಲಾಗಿ ನಿಂತಿತು. ಹೊಸ ನಾಡಿನಲ್ಲಿ ಅವರು ಕಟ್ಟಿದ ಮೊದಲ ಸಂಸ್ಥೆ ಇದೇ ಎನ್ನಬಹುದು.

ದ್ವೀಪದಲ್ಲಿ ಅವರಿಗೆ ಕಾದಿದ್ದ ಜೀವನವು ಕಠಿಣವಾದುದು. ಐದು ವರ್ಷದ ಕರಾರು. ತಿಂಗಳಿಗೆ ಐದು ರೂಪಾಯಿ ಕೂಲಿ. ಜೊತೆಗೆ ಅಳೆದುಕೊಡುವ ಅಕ್ಕಿ, ಬೇಳೆ, ಉಪ್ಪು, ಎಣ್ಣೆ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿಯನ್ನು ಕಳೆಯುವ ಪದ್ಧತಿಯಿತ್ತು. ಕರಾರು ಮುಗಿದವರೂ ಸ್ವತಂತ್ರರಾಗಿರಲಿಲ್ಲ. 1867ರ ಕಾನೂನಿನ ಪ್ರಕಾರ ಅವರು ತಮ್ಮ ಭಾವಚಿತ್ರವಿದ್ದ ರಹದಾರಿ ಚೀಟಿಯನ್ನು ಸದಾ ಹೊಂದಿರಬೇಕಿತ್ತು. ಇಲ್ಲದಿದ್ದರೆ ಅಲೆಮಾರಿಗಳೆಂದು ಹಿಡಿದು ಸೆರೆಗೆ ದೂಡಲಾಗುತ್ತಿತ್ತು. ಅದೇ ವರ್ಷ ಮಲೇರಿಯಾ ಜ್ವರವು ದ್ವೀಪದಲ್ಲಿ ಹತ್ತಾರು ಸಾವಿರ ಜನರನ್ನು ಬಲಿತೆಗೆದುಕೊಂಡಿತು. ಈ ಅನ್ಯಾಯವನ್ನು ಕಂಡು ಮರುಗಿದ ಯುರೋಪಿಯನ್ ಮೂಲದ ಅಡಾಲ್ಫ್ ಡಿ ಪ್ಲೆವಿಟ್ಜ್ ಎಂಬವನು 1871ರಲ್ಲಿ 9,401 ಮಂದಿ ಕೂಲಿಗಳ ಪರವಾಗಿ ಮನವಿಯೊಂದನ್ನು ಸಿದ್ಧಪಡಿಸಿ ಗವರ್ನರನಿಗೆ ಸಲ್ಲಿಸಿದನು. ಇದಕ್ಕಾಗಿ ತನ್ನವರಿಂದಲೇ ಬೀದಿಯಲ್ಲಿ ಪೆಟ್ಟು ತಿಂದನು. ಆದರೂ ಮನವಿಯ ಫಲವಾಗಿ 1872ರಲ್ಲಿ ರಾಜಮನೆತನದ ಆಜ್ಞೆಯಂತೆ ವಿಚಾರಣಾ ಆಯೋಗವು ನೇಮಕಗೊಂಡು, ಕೂಲಿಗಳ ದೂರುಗಳಲ್ಲಿ ಸತ್ಯವಿದೆಯೆಂಬುದನ್ನು ಕಂಡುಕೊಂಡಿತು.

ಇಂಥ ಸ್ಥಿತಿಯಲ್ಲಿ ಮನುಷ್ಯನು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿಯನ್ನು ಹಿಡಿಯುತ್ತಾನೆ. ಒಂದೋ ಹಳೆಯದನ್ನು ಬಿಗಿಯಾಗಿ ಅಪ್ಪಿಕೊಂಡು ಹೊಸ ಜಗತ್ತಿಗೆ ಬಾಗಿಲು ಮುಚ್ಚುತ್ತಾನೆ. ಇಲ್ಲವೇ ಹಳೆಯದೆಲ್ಲವನ್ನೂ ಕಳಚಿ ಒಡೆಯನಂತಾಗಲು ಹವಣಿಸುತ್ತಾನೆ. ಮಾರಿಷಸ್ಸಿನ ಕೂಲಿಗಳಲ್ಲಿ ಬಹುಮಂದಿ ಇವೆರಡನ್ನೂ ಬಿಟ್ಟು ಮೂರನೆಯ ದಾರಿಯನ್ನು ಹಿಡಿದರು. ಆ ದಾರಿಯ ಹೆಸರು 'ಬೈಠಕಾ'.

ಬೈಠಕಾ ಎಂದರೆ ಕೂಡುವ ಜಾಗ. ತೋಟದ ಬಿಡಾರಗಳ ನಡುವೆ ಹುಲ್ಲು ಹೊದಿಸಿ, ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸಿದ ಒಂದು ಗುಡಿಸಲು. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದಣಿದವರು ಸಂಜೆಗೆ ಅಲ್ಲಿ ಸೇರುತ್ತಿದ್ದರು. ಅಕ್ಷರ ಬಲ್ಲ ಒಬ್ಬನು ತುಲಸೀದಾಸರ ರಾಮಚರಿತಮಾನಸವನ್ನು ಓದುತ್ತಿದ್ದನು, ಉಳಿದವರು ಕೇಳುತ್ತಿದ್ದರು. ಮಕ್ಕಳು ಅಲ್ಲಿಯೇ ಅಕ್ಷರ ಕಲಿಯುತ್ತಿದ್ದರು. ಗಂಡಹೆಂಡಿರ ಕಲಹದಿಂದ ಹಿಡಿದು ನೆರೆಹೊರೆಯ ವ್ಯಾಜ್ಯದವರೆಗೆ ಎಲ್ಲವೂ ಹಿರಿಯರ ಮುಂದೆ ಅಲ್ಲಿ ತೀರ್ಮಾನವಾಗುತ್ತಿತ್ತು. ಭಾರತದ ಹಳ್ಳಿಯಲ್ಲಿ ಗುಡಿ, ಶಾಲೆ, ಚಾವಡಿ, ಜಾತಿಪಂಚಾಯಿತಿಗಳು ಬೇರೆ ಬೇರೆಯಾಗಿದ್ದವು. ಇಲ್ಲಿ ಇವೆಲ್ಲವೂ ಒಂದೇ ಸೂರಿನಡಿ ಬಂದವು. ತಾಯ್ನಾಡಿನ ಪ್ರತಿಯಾಗಿರದೆ ಹೊಸ ನೆಲದ ಅಗತ್ಯಕ್ಕೆ ಹಳೆಯ ಮನಸ್ಸು ಕಂಡುಕೊಂಡ ಉತ್ತರವಾಗಿತ್ತು ಅದು.

ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಓದುಗರಿಗೆ ಬೈಠಕಾದ ಮಹತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅನ್ನ, ಅಕ್ಷರ, ಅರಿವು ಇವು ಒಂದೆಡೆ ದೊರೆತರೆ ಬಡವನ ಮಗನ ಬಾಳು ಹೇಗೆ ತಿರುಗುತ್ತದೆಂಬುದಕ್ಕೆ ತಾವೇ ಸಾಕ್ಷಿ. 1896ರಲ್ಲಿ ಬಿಹಾರದಿಂದ ಕೂಲಿಯಾಗಿ ಬಂದ ಮೋಹಿತ್ ಎಂಬ ಹದಿಹರೆಯದ ತರುಣನ ಮಗನು ಬಾಲ್ಯದಲ್ಲಿ ಇಂಥದೊಂದು ಬೈಠಕಾದಲ್ಲಿ ಅಕ್ಷರ ಕಲಿತನು. ಅವನೇ ಮುಂದೆ ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಓದಿ, 1968ರ ಮಾರ್ಚ್ 12ರಂದು ಸ್ವತಂತ್ರವಾದ ಮಾರಿಷಸ್ಸಿನ ಮೊದಲ ಪ್ರಧಾನಮಂತ್ರಿಯಾದ ಶಿವಸಾಗರ ರಾಮಗುಲಾಮರು. ಶಿವಸಾಗರವೆಂಬ ಹೆಸರು ಅಲ್ಲಿನ ಬರವಣಿಗೆಯಲ್ಲಿ 'ಸೀವೂಸಾಗರ್' ಎಂದಾಯಿತು. ಹೆಸರಿನ ಕಾಗುಣಿತ ಕೆಟ್ಟರೂ ಹೆಸರಿನೊಳಗಿನ ಶಿವನು ಕೆಡಲಿಲ್ಲ.

ಈಗ ಸರೋವರದ ಮಾತು. ದ್ವೀಪದ ದಕ್ಷಿಣದ ಎತ್ತರದ ಕಾಡಿನಲ್ಲಿ, ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು ಅದು. ಫ್ರೆಂಚರು ಅದನ್ನು ಗ್ರಾಂ ಬಸ್ಸೆಂ ಎಂದು ಕರೆದಿದ್ದರು. ಉತ್ತರ ಭಾಗದ ತ್ರಿಯೋಲೆ ಎಂಬ ಊರಿನ ಝುಮ್ಮನ್ ಗಿರಿ ಗೋಸಾಯಿ ಎಂಬ ಅರ್ಚಕರು 1897ರಲ್ಲಿ ಒಂದು ಕನಸು ಕಂಡರೆಂದೂ, ಅದರಲ್ಲಿ ಈ ಸರೋವರದ ನೀರು ಜಾಹ್ನವಿಯಿಂದಲೇ ಚಿಮ್ಮುತ್ತಿರುವಂತೆ ತೋರಿತೆಂದೂ ಅಲ್ಲಿಯ ಜನ ಹೇಳುತ್ತಾರೆ. ಮರುವರ್ಷ, 1898ರ ಶಿವರಾತ್ರಿಗೆ, ಅವರೊಡನೆ ಒಂದು ಸಣ್ಣ ತಂಡವು ಕಾಡು ಹಾಯ್ದು ಅಲ್ಲಿಗೆ ನಡೆಯಿತು. ಅಲ್ಲಿಯ ನೀರನ್ನು ತಂದು ಊರಿನ ಶಿವಲಿಂಗಕ್ಕೆ ಅಭಿಷೇಕ ಮಾಡಿತು. ಜನ ಅದಕ್ಕೆ ಪರೀ ತಲಾವ್ ಎಂದರು. 1972ರಲ್ಲಿ ಭಾರತದಿಂದ ತಂದ ಗಂಗಾಜಲವನ್ನು ಅದರಲ್ಲಿ ಬೆರೆಸಿದ ಮೇಲೆ ಗಂಗಾ ತಲಾವ್ ಎಂಬ ಹೆಸರು ನೆಲೆಗೊಂಡಿತು. 2007ರಲ್ಲಿ ಅದರ ದಾರಿಯಲ್ಲಿ 108 ಅಡಿ ಎತ್ತರದ ಶಿವನ ಮೂರ್ತಿಯೂ ಎದ್ದು ನಿಂತಿತು.

ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಗಂಗಾಜಲ ಬಂದದ್ದು 1972ರಲ್ಲಿ. ಜನರು ನಡೆಯತೊಡಗಿದ್ದು 1898ರಲ್ಲಿ. ಎಪ್ಪತ್ತನಾಲ್ಕು ವರ್ಷಗಳ ಕಾಲ ಆ ನೀರನ್ನು ಪವಿತ್ರಗೊಳಿಸಿದ್ದು ಬರಿಗಾಲಿನ ನಡಿಗೆ, ಉಪವಾಸದ ನಿಷ್ಠೆ ಮತ್ತು ದಾರಿಯುದ್ದಕ್ಕೂ ಯಾತ್ರಿಕರಿಗೆ ನೀರು, ಹಣ್ಣು, ಊಟ ನೀಡಿದ ಕೈಗಳು. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದ ತತ್ವವನ್ನು ಅರಿತ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಬೇಕಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವದ ತರುವಾಯ ಶರಣರು ಚೆಲ್ಲಾಪಿಲ್ಲಿಯಾದರು. ಚೆನ್ನಬಸವಣ್ಣನವರ ತಂಡವು ಉಳವಿಯ ಕಾಡನ್ನು ಸೇರಿತು. ಅನುಭವಮಂಟಪದ ಕಂಬಗಳನ್ನು ಅವರು ಹೊತ್ತುಕೊಂಡು ಹೋಗಲಿಲ್ಲ. ಅಂಗದ ಮೇಲೆ ಇಷ್ಟಲಿಂಗವಿತ್ತು, ನೆನಪಿನಲ್ಲಿಯೂ ಓಲೆಯ ಕಟ್ಟುಗಳಲ್ಲಿಯೂ ವಚನಗಳಿದ್ದವು. ಉಳಿದುದನ್ನು ಹೋದಲ್ಲಿ ಕಟ್ಟಿಕೊಂಡರು.

ಆದರೆ ಭಕ್ತಿಯೊಂದರಿಂದಲೇ ಮಾರಿಷಸ್ಸಿನ ಭಾರತೀಯರು ತಲೆಯೆತ್ತಿದರೆಂದರೆ ಅರ್ಧಸತ್ಯವಾದೀತು. ಐದು ರೂಪಾಯಿ ಕೂಲಿಯಲ್ಲಿಯೂ ಕಾಸಿಗೆ ಕಾಸು ಕೂಡಿಸಿ, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡ ತೋಟಗಳು ತುಂಡುತುಂಡಾಗಿ ಮಾರಾಟಕ್ಕೆ ಬಂದಾಗ ಅವರು ನೆಲ ಕೊಂಡರು. ಕೂಲಿಯಾಗಿ ಬಂದವನ ಮಗ ಸಣ್ಣ ಹಿಡುವಳಿದಾರನಾದನು. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಭಾರತಕ್ಕೆ ಮರಳುತ್ತಿದ್ದ ಗಾಂಧೀಜಿಯವರು ಆ ದ್ವೀಪದಲ್ಲಿ ಕೆಲವು ವಾರ ತಂಗಿದ್ದು, ಮಕ್ಕಳಿಗೆ ವಿದ್ಯೆ ಕೊಡಿಸಿರಿ, ರಾಜಕೀಯದಲ್ಲಿ ಪಾಲ್ಗೊಳ್ಳಿರಿ ಎಂದು ಜನರಿಗೆ ಬುದ್ಧಿ ಹೇಳಿದರು. ಅವರ ಪ್ರೇರಣೆಯಿಂದ 1907ರಲ್ಲಿ ಬಂದ ವಕೀಲ ಮಣಿಲಾಲ್ ಡಾಕ್ಟರರು ಕೂಲಿಗಳ ಪರವಾಗಿ ನ್ಯಾಯಾಲಯದಲ್ಲಿ ವಾದಿಸಿದರು, ಪತ್ರಿಕೆಯನ್ನು ನಡೆಸಿದರು. ಆರ್ಯಸಮಾಜವೂ ಇದೇ ಕಾಲದಲ್ಲಿ ಅಲ್ಲಿ ಬೇರೂರಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಒತ್ತು ಕೊಟ್ಟಿತು.

ಈ ಇತಿಹಾಸದ ಅತ್ಯಂತ ಮಹತ್ವದ ಘಟ್ಟವು ಇನ್ನೂ ಮುಂದಿದೆ. 1940ರ ದಶಕದವರೆಗೆ ದ್ವೀಪದ ಮತದಾರರ ಸಂಖ್ಯೆಯು ಹನ್ನೆರಡು ಸಾವಿರದೊಳಗಿತ್ತು. ಆಸ್ತಿಪಾಸ್ತಿ ಉಳ್ಳವರಿಗೆ ಮಾತ್ರ ಮತವಿತ್ತು. ಹೊಸ ಸಂವಿಧಾನವು ಬಂದಾಗ, ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೊಂದು ಭಾಷೆಯಲ್ಲಿ ಸರಳ ವಾಕ್ಯಗಳನ್ನು ಓದಿ ಬರೆಯಬಲ್ಲವರಿಗೆಲ್ಲ, ಹೆಂಗಸರನ್ನೂ ಒಳಗೊಂಡು, ಮತಾಧಿಕಾರ ದೊರೆಯಿತು. ಲಾಹೋರ್ ಮತ್ತು ಕಲಕತ್ತೆಗಳಲ್ಲಿ ಓದಿ 1939ರಲ್ಲಿ ಮರಳಿದ ಬಾಸುದೇವ ಬಿಸುನ್‌ದಯಾಳರು ಈ ವೇಳೆಗಾಗಲೇ ಹಳ್ಳಿಹಳ್ಳಿಗಳಲ್ಲಿ ಜನಜಾಗೃತಿಯನ್ನು ಉಂಟುಮಾಡಿದ್ದರು. ಅವರ ಸ್ವಯಂಸೇವಕರು ಬೈಠಕಾಗಳಲ್ಲಿ ದೀಪ ಹಚ್ಚಿ, ನಡುವಯಸ್ಸು ದಾಟಿದ ಕೂಲಿಕಾರರ ಒರಟು ಬೆರಳುಗಳಿಗೆ ಸೀಸದಕಡ್ಡಿ ಹಿಡಿಸಿ ಅಕ್ಷರ ತಿದ್ದಿಸಿದರು. 1948ರ ಚುನಾವಣೆಯ ಪಟ್ಟಿಯಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಹೆಬ್ಬೆಟ್ಟು ಒತ್ತಿ ಹಡಗನ್ನೇರಿದವರ ಮಕ್ಕಳು ತಮ್ಮ ಪೂರ್ವಜರ ಭಾಷೆಯಲ್ಲಿ ಹೆಸರು ಬರೆದು ರಾಜ್ಯಾಧಿಕಾರದಲ್ಲಿ ಪಾಲು ಪಡೆದರು. ರಾಮಾಯಣವನ್ನು ಓದಲೆಂದು ಕಲಿತ ಅಕ್ಷರವು ಸ್ವಾತಂತ್ರ್ಯದ ಸಾಧನವಾಯಿತು.

ಹೊಂದಾಣಿಕೆಯು ಅಡುಗೆಮನೆಯಲ್ಲಿಯೂ ಹಬ್ಬದಲ್ಲಿಯೂ ನಡೆಯಿತು. ಅಳೆದುಕೊಟ್ಟ ಬೇಳೆಯಿಂದ ಹೂರಣವಿಟ್ಟು, ಸಿಹಿಯಿಲ್ಲದ ನಮ್ಮ ಹೋಳಿಗೆಯಂತೆ ಅವರು ಮಾಡುತ್ತಿದ್ದ ದಾಲ್‌ಪುರಿಯು ಇಂದು ಜಾತಿಮತಗಳ ಭೇದವಿಲ್ಲದೆ ದ್ವೀಪದ ಎಲ್ಲರ ಆಹಾರವಾಗಿದೆ. ಮಹಾಶಿವರಾತ್ರಿ, ತಮಿಳರ ಕಾವಡಿ, ತೆಲುಗರ ಯುಗಾದಿ, ಗಣೇಶ ಚತುರ್ಥಿ ಇವು ಅಲ್ಲಿ ಇಡೀ ರಾಷ್ಟ್ರದ ರಜಾದಿನಗಳು. ಕೂಲಿಗಳು ಮೊದಲು ಕಾಲಿಟ್ಟ ಬಂದರುಕಟ್ಟೆಯ ಕಲ್ಲಿನ ಮೆಟ್ಟಿಲುಗಳು 'ಆಪ್ರವಾಸಿ ಘಾಟ್' ಎಂಬ ಹೆಸರಿನಲ್ಲಿ 2006ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಓಡಿಹೋದ ಗುಲಾಮರು ಆಶ್ರಯ ಪಡೆದಿದ್ದ ಲೆ ಮೋರ್ನ್ ಬೆಟ್ಟವೂ 2008ರಲ್ಲಿ ಅದೇ ಪಟ್ಟಿಗೆ ಸೇರಿತು. ಇದು ಅತ್ಯಂತ ಯೋಗ್ಯವಾದ ಕಾರ್ಯ; ಏಕೆಂದರೆ ಒಬ್ಬರ ಸಂಕಟದ ಸ್ಥಾನದಲ್ಲಿಯೇ ಇನ್ನೊಬ್ಬರ ಸಂಕಟವನ್ನು ತಂದು ನಿಲ್ಲಿಸಲಾಗಿತ್ತು.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಇತಿಹಾಸಕ್ಕೆ ಅಪಚಾರ ಮಾಡಿದಂತಾಗುತ್ತದೆ. ಕಳೆದುಕೊಂಡುದರ ಲೆಕ್ಕವನ್ನೂ ಒಪ್ಪಿಸಬೇಕು. ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಎಲ್ಲ ಮತದವರೂ ಆಡುತ್ತಿದ್ದ ಭೋಜಪುರಿಯು ಮನೆಗಳಿಂದ ಮರೆಯಾಗುತ್ತಿದೆ. 2000ದ ಜನಗಣತಿಯಲ್ಲಿ ಅದನ್ನು ಮನೆಮಾತೆಂದು ಹೇಳಿದವರು ಶೇಕಡ 12ರಷ್ಟಿದ್ದರೆ, 2011ರಲ್ಲಿ ಶೇಕಡ 5ರಷ್ಟಾದರು. ಫ್ರೆಂಚಿನಿಂದ ಹುಟ್ಟಿದ ಕ್ರಿಯೋಲ್ ಎಲ್ಲರ ಮಾತಾಗಿದೆ. ಮದುವೆಯ ಮನೆಯಲ್ಲಿ ಹೆಂಗಸರು ಹಾಡುವ ಭೋಜಪುರಿ ಗೀತಗವಾಯಿಗೆ 2016ರಲ್ಲಿ ಯುನೆಸ್ಕೋದ ಮನ್ನಣೆ ದೊರೆಯಿತು. ಆದರೆ ಮನ್ನಣೆ ಪಡೆದ ಹಾಡನ್ನು ಅರ್ಥ ಮಾಡಿಕೊಳ್ಳುವ ಮೊಮ್ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಹಡಗಿನಲ್ಲಿ ಕರಗಿದಂತೆ ತೋರಿದ ಜಾತಿಯು ದಡ ಸೇರಿ ಅನುಕೂಲ ಬಂದ ಮೇಲೆ ಸಭೆ ಸಂಘಗಳ ರೂಪದಲ್ಲಿ ಮತ್ತೆ ತಲೆಯೆತ್ತಿ ಚುನಾವಣೆಯ ಲೆಕ್ಕಾಚಾರಕ್ಕೂ ಇಳಿಯಿತು. ಹೆಗಲ ಮೇಲಿನ ಸರಳ ಕಾಂವರಗಳ ನಡುವೆ ಗಾಲಿಯ ಮೇಲೆ ಎಳೆಯುವ ಎತ್ತರದ ಅಲಂಕೃತ ರಥಗಳು ಬಂದವು. 2024ರ ಶಿವರಾತ್ರಿಯ ಯಾತ್ರೆಯಲ್ಲಿ ಅಂಥದೊಂದು ರಥವು ವಿದ್ಯುತ್ ತಂತಿಗೆ ತಗುಲಿ ಹೊತ್ತಿಕೊಂಡು ಆರು ಮಂದಿ ಯಾತ್ರಿಕರು ಪ್ರಾಣ ಕಳೆದುಕೊಂಡರು. ಬಡತನದಲ್ಲಿ ಭಕ್ತಿಯನ್ನು ಕಾಯ್ದುಕೊಂಡವರಿಗೆ ಸಿರಿಯಲ್ಲಿ ಅದನ್ನು ಕಾಯ್ದುಕೊಳ್ಳುವುದೇ ಹೆಚ್ಚು ಕಷ್ಟವೆಂಬುದಕ್ಕೆ ಇದಕ್ಕಿಂತ ದುಃಖದ ನಿದರ್ಶನ ಬೇರೆ ಬೇಡ.

ಪ್ರಿಯ ಓದುಗರೇ, ಈ ದೂರದ ದ್ವೀಪದ ಕಥೆಯನ್ನು ತಮ್ಮ ಮುಂದಿಟ್ಟುದಕ್ಕೆ ಕಾರಣವಿದೆ. ನಮ್ಮ ಮಠದ ಭಕ್ತರ ಮಕ್ಕಳು, ಇಲ್ಲಿಯೇ ಓದಿ ಹೋದ ವಿದ್ಯಾರ್ಥಿಗಳು, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿದ್ದಾರೆ. ಅವರ ತಂದೆತಾಯಂದಿರು ಮಠಕ್ಕೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಬುದ್ಧೀ, ನಮ್ಮ ಮೊಮ್ಮಕ್ಕಳಿಗೆ ನಮ್ಮ ಆಚಾರ ಉಳಿದೀತೇ?" ಕೂಲಿಗಳಾಗಿ ಹೋದವರ ಕಷ್ಟಕ್ಕೂ ವಿಮಾನವೇರಿ ಉದ್ಯೋಗಕ್ಕೆ ಹೋದವರ ಸ್ಥಿತಿಗೂ ಹೋಲಿಕೆಯಿಲ್ಲ. ಆದರೆ ಪ್ರಶ್ನೆ ಅದೇ. ಉತ್ತರವೂ ಬಹುಮಟ್ಟಿಗೆ ಅದೇ. ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ಬಸವಜಯಂತಿಯನ್ನು ಆಚರಿಸುವುದು ಸಂತೋಷದ ವಿಷಯ. ಅದಕ್ಕಿಂತ ಮಿಗಿಲಾದುದು ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಹತ್ತು ಮಂದಿ ಕೂಡಿ, ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸಿ, ಒಂದು ವಚನದ ಅರ್ಥವನ್ನು ಬಿಡಿಸಿ, ಒಟ್ಟಿಗೆ ಪ್ರಸಾದ ಸ್ವೀಕರಿಸುವುದು. ಬೈಠಕಾಕ್ಕೆ ಬೇಕಾದದ್ದು ಒಂದು ಚಾಪೆ, ಒಂದು ದೀಪ, ಓದಿ ಹೇಳುವ ಒಬ್ಬ ಮನುಷ್ಯ, ಅಷ್ಟೇ.

ಆ ಕೂಟದಲ್ಲಿ ಒಳಪಂಗಡದ ಲೆಕ್ಕ ಇಣುಕದಿರಲಿ. ಪರದೇಶದಲ್ಲಿಯೂ ಯಾರು ಯಾವ ಪಂಗಡ, ಯಾರ ಮಗಳು ಯಾರಿಗೆ ಎಂದು ಎಣಿಸುತ್ತ ಕುಳಿತರೆ ಮಕ್ಕಳು ಎದ್ದುಹೋಗುತ್ತಾರೆ; ಹೋದ ಮಕ್ಕಳನ್ನು ಯಾವ ಮೂರ್ತಿಯೂ ಯಾವ ಮಂದಿರವೂ ಮರಳಿ ಕರೆತರಲಾರದು. ಊರಲ್ಲಿ ಉಳಿದಿರುವ ನಾವೂ ಈ ಮಾತಿಗೆ ಹೊರತಲ್ಲ. ಅಲ್ಲಿ ಭೋಜಪುರಿಗೆ ಒದಗಿದ ಗತಿಯು ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಕನ್ನಡಕ್ಕೆ ಒದಗುತ್ತಿದೆ. ಅದಕ್ಕೆ ಕಡಲು ದಾಟಬೇಕಾಗಿಲ್ಲ.

ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ಭಕ್ತರು ಪೆಟ್ಟಿಗೆಯಲ್ಲಿ ಚಟ್ನಿಪುಡಿಯೊಡನೆ ವಚನಗಳ ಒಂದು ಪುಸ್ತಕವನ್ನೂ ಇಡಿರಿ. ಆದರೆ ಪುಸ್ತಕವನ್ನು ಓದುವ ಅಭ್ಯಾಸವನ್ನು ಹೊರಡುವ ಹಿಂದಿನ ದಿನ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲವೆಂಬುದನ್ನು ಮರೆಯದಿರಿ. ಅದನ್ನು ಇಂದಿನ ಸಂಜೆಯಿಂದಲೇ ಮನೆಯ ನಡುಮನೆಯಲ್ಲಿ ಮೊದಲುಮಾಡಬೇಕು. ತಮ್ಮೆಲ್ಲರ ಮನೆಗಳಲ್ಲಿ ಆ ದೀಪ ಬೆಳಗಲಿ.